ಹಾಲು ಹರಿಯದ ಪೈಪು



ಕಳೆದ ಸಂಚಿಕೆಯಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಬಗ್ಗೆ ಬರೆದದ್ದನ್ನು ಓದಿ, "ಫಾದರ್ ಪ್ರವಚನ ಬಿಟ್ಟು ರಿಪೇರಿ ಅಂಗಡಿ ಇಟ್ಟಿದ್ದಾರೆ" ಎಂದು ಯಾರೋ ನಕ್ಕರಂತೆ. ನಗಲಿ. ಈ ಸಲವೂ ರಬ್ಬರಿನ ವಿಷಯವೇ. ಅಡುಗೆಮನೆಯಿಂದ ಹಟ್ಟಿಗೆ ಇಳಿದಿದ್ದೇನೆ, ಅಷ್ಟೇ ವ್ಯತ್ಯಾಸ.

ಪಾಸ್ಕ ಹಬ್ಬದ ನಂತರ ಮನೆ ಆಶೀರ್ವಾದಕ್ಕೆ ಹೋದಾಗ ನಡೆದದ್ದು ಇದು. ಅಡಿಕೆ ತೋಟದ ಹಿಂದೆ ಒಂದು ಮನೆ. ಅಲ್ಲಿ ಅರುವತ್ತು ದಾಟಿದ ಬಾಯಮ್ಮ, ಕಾಲೇಜಿಗೆ ಹೋಗುವ ಮೊಮ್ಮಗ, ಮೂರು ದನಗಳು. ಮಗ ಗಲ್ಫಿನಲ್ಲಿದ್ದಾನೆ. ತಾಯಿಯ ಬೆರಳು ಗಂಟಿನ ನೋವಿನಿಂದ ಮಡಚುವುದಿಲ್ಲವೆಂದು ಎರಡು ವರ್ಷದ ಹಿಂದೆ ಹಾಲು ಕರೆಯುವ ಯಂತ್ರ ತೆಗೆದುಕೊಟ್ಟಿದ್ದ. ಪ್ರಾರ್ಥನೆ ಮುಗಿದು ಕಾಫಿ ಕುಡಿಯುವಾಗ ಬಾಯಮ್ಮ ಮೆಲ್ಲಗೆ ಕೇಳಿದರು: "ಫಾದರ್, ಹಟ್ಟಿಗೂ ಸ್ವಲ್ಪ ತೀರ್ಥ ಹಾಕಿ. ಕಪ್ಪಿ ಹದಿನೈದು ದಿವಸದಿಂದ ಒದೆಯುತ್ತಾಳೆ. ಯಾರದ್ದೋ ದೃಷ್ಟಿ ತಾಗಿದೆ ಅಂತ ನನಗೆ."

ತೀರ್ಥ ಹಾಕಿದೆ. ಹಾಕುವಾಗಲೇ ಕಣ್ಣು ಮೂಲೆಯಲ್ಲಿದ್ದ ಯಂತ್ರದ ಮೇಲೆ ಹೋಯಿತು. ನಾಲ್ಕು ಬಟ್ಟಲುಗಳಲ್ಲಿ ಒಂದರ ಪಕ್ಕದ ಸಣ್ಣ ಕಪ್ಪು ಪೈಪಿಗೆ ಕರೆಂಟಿನ ಟೇಪು ಸುತ್ತಿತ್ತು. ಮೊಮ್ಮಗನಿಗೆ ಮೋಟಾರು ಹಾಕಲು ಹೇಳಿ, ಕೈ ತೊಳೆದುಕೊಂಡು, ಒಂದೊಂದೇ ಬಟ್ಟಲಿನೊಳಗೆ ನನ್ನ ಹೆಬ್ಬೆರಳು ಇಟ್ಟು ನೋಡಿದೆ. ಮೂರು ಬಟ್ಟಲುಗಳು ಬೆರಳನ್ನು ಹಿಡಿದವು, ಬಿಟ್ಟವು, ಹಿಡಿದವು, ಬಿಟ್ಟವು. ನಾಲ್ಕನೆಯದು ಎಳೆಯುತ್ತಲೇ ಇತ್ತು. ಒಂದು ನಿಮಿಷದಲ್ಲಿ ನನ್ನ ಬೆರಳ ತುದಿ ಕೆಂಪಾಗಿ ಜುಮುಗುಟ್ಟಿತು.

"ಬಾಯಮ್ಮಾ, ದೃಷ್ಟಿ ತಾಗಿದ್ದು ದನಕ್ಕಲ್ಲ, ಪೈಪಿಗೆ" ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಯಾಕೆ ಎಂದು ಆಮೇಲೆ ಹೇಳುತ್ತೇನೆ. ಮೊದಲು ಆ ಪೈಪಿನ ಕೆಲಸ ಏನೆಂದು ನೋಡೋಣ.

ಯಂತ್ರ ಹಾಲನ್ನು ಎಳೆದು ತೆಗೆಯುತ್ತದೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಅದು ಅರ್ಧ ಸತ್ಯ. ಮೋಟಾರಿಗೆ ಸೇರಿದ ಪಂಪು ಕ್ಯಾನಿನೊಳಗಿನ ಗಾಳಿಯನ್ನು ಹೆಚ್ಚುಕಡಿಮೆ ಅರ್ಧದಷ್ಟು ಹೊರಗೆ ಹಾಕುತ್ತದೆ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಹಟ್ಟಿಯ ಯಂತ್ರಗಳ ಗೇಜಿನ ಮುಳ್ಳು ಸಾಮಾನ್ಯವಾಗಿ 44ರಿಂದ 50 ಕಿಲೋಪಾಸ್ಕಲ್ ನಡುವೆ ನಿಲ್ಲುತ್ತದೆ. ಒಳಗೆ ಗಾಳಿ ಕಡಿಮೆಯಾದಾಗ ಕೆಚ್ಚಲೊಳಗಿನ ಹೆಚ್ಚಿನ ಒತ್ತಡ ಹಾಲನ್ನು ತೊಟ್ಟಿನ ತೂತಿನ ಮೂಲಕ ಹೊರಗೆ ದೂಡುತ್ತದೆ. ಇದಕ್ಕೆ ಒಂದು ಪೈಪು, ಅಂದರೆ ಹಾಲಿನ ಪೈಪು, ಸಾಕು. ಆದರೆ ಯಂತ್ರಕ್ಕೆ ಇನ್ನೊಂದು ಜಾತಿಯ ಪೈಪು ಉಂಟು. ಅದರಲ್ಲಿ ಒಂದು ಹನಿ ಹಾಲೂ ಹರಿಯುವುದಿಲ್ಲ, ಹರಿಯಲೂ ಬಾರದು. ಅದರಲ್ಲಿ ಓಡಾಡುವುದು ಬರೀ ಗಾಳಿ.

ಉಕ್ಕಿನ ಬಟ್ಟಲಿನ ಒಳಗೆ ಒಂದು ರಬ್ಬರಿನ ಕೊಳವೆ ಇದೆ, ಅದಕ್ಕೆ ಲೈನರ್ ಎನ್ನುತ್ತಾರೆ. ದನದ ತೊಟ್ಟು ಕೂರುವುದು ಅದರೊಳಗೆ. ಲೈನರಿಗೂ ಉಕ್ಕಿನ ಬಟ್ಟಲಿಗೂ ನಡುವೆ ಒಂದು ಖಾಲಿ ಜಾಗ. ಆ ಜಾಗದ ಗಾಳಿಯನ್ನು ಪಲ್ಸೇಟರ್ ಎಂಬ ಸಣ್ಣ ಉಪಕರಣ ಒಮ್ಮೆ ತೆಗೆಯುತ್ತದೆ, ಒಮ್ಮೆ ಬಿಡುತ್ತದೆ. ಇದು ನಿಮಿಷಕ್ಕೆ ಸುಮಾರು 60 ಸಲ ನಡೆಯುತ್ತದೆ. ಗಾಳಿ ತೆಗೆದಾಗ ಲೈನರ್ ತೆರೆದುಕೊಂಡು ಹಾಲು ಹರಿಯುತ್ತದೆ. ಗಾಳಿ ಬಿಟ್ಟಾಗ ಲೈನರ್ ತೊಟ್ಟಿನ ತುದಿಯ ಮೇಲೆ ಮುಚ್ಚಿಕೊಂಡು ಅದನ್ನು ನೀವುತ್ತದೆ. ತುದಿಯಲ್ಲಿ ನಿಂತ ರಕ್ತ ಹಿಂದಕ್ಕೆ ಹೋಗುತ್ತದೆ. ಒಂದೊಂದು ಬಡಿತದಲ್ಲೂ ಲೈನರ್ ಪೂರ್ತಿ ಮುಚ್ಚಿ ತೊಟ್ಟಿಗೆ ವಿಶ್ರಾಂತಿ ಕೊಡುವ ಸಮಯ ಕಡಿಮೆಯೆಂದರೆ 150 ಮಿಲಿಸೆಕೆಂಡು ಇರಬೇಕೆಂದು ಇಂಥ ಯಂತ್ರಗಳ ಅಂತಾರಾಷ್ಟ್ರೀಯ ಮಾನದಂಡ ಹೇಳುತ್ತದೆ. ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು. ಆ ವಿಶ್ರಾಂತಿಯನ್ನು ತೊಟ್ಟಿಗೆ ಮುಟ್ಟಿಸುವುದೇ ಹಾಲು ಹರಿಯದ ಆ ಸಣ್ಣ ಪೈಪಿನ ಕೆಲಸ.

ಮೊದಮೊದಲ ಯಂತ್ರಗಳಿಗೆ ಈ 'ಬಿಡುವುದು' ಗೊತ್ತಿರಲಿಲ್ಲ. ಸ್ಕಾಟ್ಲೆಂಡಿನ ವಿಲಿಯಂ ಮರ್ಚ್‌ಲ್ಯಾಂಡ್ 1889ರಲ್ಲಿ ಮಾಡಿದ ಯಂತ್ರ ಬಿಡದೆ ಎಳೆಯುತ್ತಿತ್ತು. ಹಾಗೆ ಎಳೆದರೆ ತೊಟ್ಟು ಬಾತುಕೊಳ್ಳುತ್ತದೆ. 1895ರಲ್ಲಿ ಗ್ಲಾಸ್ಗೋದ ಅಲೆಕ್ಸಾಂಡರ್ ಶೀಲ್ಡ್ಸ್ ಎಳೆತಕ್ಕೆ ಬಡಿತ ಸೇರಿಸಿದರು. 1903ರಲ್ಲಿ ಆಸ್ಟ್ರೇಲಿಯಾದ ಅಲೆಕ್ಸಾಂಡರ್ ಗಿಲ್ಲೀಸ್ ಒಳಗೊಂದು ಹೊರಗೊಂದು ಎಂದು ಎರಡು ಕೋಣೆಯ ಬಟ್ಟಲು ಮಾಡಿದರು. ಇವತ್ತು ನಮ್ಮ ಹಟ್ಟಿಯಲ್ಲಿರುವುದೂ ಅದರ ಸಂತತಿಯೇ. ಎಳೆಯುವುದನ್ನು ಕಲಿತ ಮೇಲೆ ಬಿಡುವುದನ್ನು ಕಲಿಯಲು ಮನುಷ್ಯನಿಗೆ ಹದಿನಾಲ್ಕು ವರ್ಷ ಬೇಕಾಯಿತು.

ಈಗ ನನ್ನ ಕಥೆ. ಗುರುದೀಕ್ಷೆಯಾದ ಹೊಸತರಲ್ಲಿ ನಾನಿದ್ದ ಚರ್ಚಿನ ಬಂಗ್ಲೆಯಲ್ಲಿ ಎರಡು ಮಿಶ್ರತಳಿ ದನಗಳಿದ್ದವು. ಯಾರೋ ಉಪಕಾರಿಗಳು ಯಂತ್ರ ಕೊಟ್ಟಿದ್ದರು. ಒಂದು ರಾತ್ರಿ ಇಲಿ ಬಂದು ಪಂಪಿನಿಂದ ಕ್ಯಾನಿಗೆ ಹೋಗುವ ದಪ್ಪ ಪೈಪನ್ನು ಕಡಿದು ಹಾಕಿತು. ಪೇಟೆಗೆ ಹೋಗಲು ಉದಾಸೀನ. ತತ್ವಶಾಸ್ತ್ರ, ದೈವಶಾಸ್ತ್ರ ಎಂದು ವರ್ಷಗಟ್ಟಲೆ ಓದಿದವನಿಗೆ 'ಪೈಪೆಂದರೆ ಪೈಪು' ಎಂದು ತೋರಿತು. ಹೂದೋಟಕ್ಕೆ ನೀರು ಬಿಡುವ ಹಸಿರು ಪೈಪಿನಿಂದ ಒಂದು ತುಂಡು ಕತ್ತರಿಸಿ ಸಿಕ್ಕಿಸಿದೆ. ಯಂತ್ರ ಓಡಿತು. ನನ್ನ ಜಾಣತನ ನನಗೇ ಮೆಚ್ಚಿಗೆಯಾಯಿತು.

ನೀರಿನ ಪೈಪು ಒಳಗಿನಿಂದ ಹೊರಕ್ಕೆ ದೂಡುವ ಒತ್ತಡವನ್ನು ತಡೆಯಲು ಮಾಡಿದ್ದು. ನಿರ್ವಾತದಲ್ಲಿ ಹೊರಗಿನ ಗಾಳಿ ಅದನ್ನು ಒಳಕ್ಕೆ ಅದುಮುತ್ತದೆ. ಬೆಳಗ್ಗಿನ ತಂಪಿನಲ್ಲಿ ಗಟ್ಟಿಯಾಗಿದ್ದ ಹಸಿರು ಪೈಪು ಸಂಜೆಯ ಸೆಕೆಗೆ ಮೆತ್ತಗಾಗಿ, ಬಾಗಿದಲ್ಲಿ ಚಪ್ಪಟೆಯಾಗುತ್ತಿತ್ತು. ಗೇಜಿನ ಮುಳ್ಳು ಕುಣಿಯುತ್ತಿತ್ತು. ಕರೆಯುವಾಗ ಬಟ್ಟಲು 'ಚೀಂ' ಎಂದು ಶಬ್ದ ಮಾಡಿ ಜಾರುತ್ತಿತ್ತು, ನಾನು ಮತ್ತೆ ಮೇಲಕ್ಕೆ ಒತ್ತುತ್ತಿದ್ದೆ. ಆ ಪ್ರತಿಯೊಂದು 'ಚೀಂ' ಎಂದರೆ ಹೊರಗಿನ ಗಾಳಿ ಒಳಗೆ ನುಗ್ಗಿತು ಎಂದರ್ಥ. ನುಗ್ಗಿದ ಗಾಳಿ ಬಟ್ಟಲಲ್ಲಿದ್ದ ಹಾಲಿನ ಹನಿಗಳನ್ನು ತೊಟ್ಟಿನ ತೆರೆದ ತೂತಿಗೆ ಹಿಂದಕ್ಕೆ ಎರಚುತ್ತದೆ, ಅದರ ಜೊತೆ ರೋಗಾಣುವನ್ನೂ. ಇದು ನನಗೆ ಗೊತ್ತಿರಲಿಲ್ಲ.

ಮೂರನೆಯ ವಾರ ಒಂದು ದನದ ಕೆಚ್ಚಲಿನ ಒಂದು ಭಾಗ ಕಲ್ಲಿನ ಹಾಗೆ ಗಟ್ಟಿಯಾಯಿತು. ಮುಟ್ಟಲು ಬಿಡಲಿಲ್ಲ. ಹಿಂಡಿದರೆ ನೀರಿನ ಹಾಗೆ, ಅದರಲ್ಲಿ ಮೊಸರಿನ ಚೂರು. ಕೆಚ್ಚಲು ಬಾವು. ಡಾಕ್ಟರು ಬಂದು ಔಷಧ ಕೊಟ್ಟರು, ಹೊರಡುವಾಗ ಹಸಿರು ಪೈಪನ್ನು ನೋಡಿ, "ಇದು ಯಾರ ಕೆಲಸ?" ಎಂದು ಕೇಳಿದರು. ಬಂಗ್ಲೆಯ ಅಡುಗೆಯವರು ನೆಲ ನೋಡಿದರು. ನಾನು ಪಾಪನಿವೇದನೆ ಮಾಡಿಕೊಂಡೆ. ದನ ಉಳಿಯಿತು. ಆದರೆ ಆ ಒಂದು ತೊಟ್ಟು ಬತ್ತಿಹೋಯಿತು, ಮುಂದಿನ ಕರುವಿಗೂ ಹಾಲು ಇಳಿಯಲಿಲ್ಲ. ಯಂತ್ರದ ಅಂಗಡಿಯವರು ನಾಲ್ಕನೆಯ ಬಟ್ಟಲಿಗೆ ಹಾಕಲು ಒಂದು ರಬ್ಬರಿನ ಬಿರಡೆ ಕೊಟ್ಟರು. ಅದನ್ನು ಹಾಕದಿದ್ದರೆ ಖಾಲಿ ಬಟ್ಟಲಿನಿಂದ ಗಾಳಿ ನುಗ್ಗುತ್ತದಲ್ಲ. ಆ ದನ ಹೋದ ಮೇಲೂ ಬಿರಡೆ ನನ್ನ ಮೇಜಿನ ಖಾನೆಯಲ್ಲಿ ಉಳಿದಿದೆ. ವರ್ಗಾವಣೆಯಾದಾಗಲೆಲ್ಲ ಪುಸ್ತಕಗಳ ಜೊತೆ ಅದೂ ಬರುತ್ತದೆ.

ಬಾಯಮ್ಮನ ಹಟ್ಟಿಗೆ ಮರಳೋಣ. ಟೇಪು ಬಿಚ್ಚಿ ಆ ಸಣ್ಣ ಪೈಪನ್ನು ಕಳಚಿ ಬೆಳಕಿಗೆ ಹಿಡಿದೆ. ಬೆಳಕು ಕಾಣಲಿಲ್ಲ. ಒಳಗೆ ಹಾಲು ಒಣಗಿ ಹಳದಿ ಗಟ್ಟಿಯಾಗಿತ್ತು. ಹಾಲು ಹರಿಯಬಾರದ ಪೈಪಿಗೆ ಹಾಲು ಬಂದದ್ದು ಹೇಗೆ? ಲೈನರನ್ನು ಹೊರತೆಗೆದು ಎಳೆದು ನೋಡಿದಾಗ ಉಗುರಿನಷ್ಟು ಉದ್ದದ ಸೀಳು ಕಂಡಿತು. ಆ ಸೀಳಿನಿಂದ ಹಾಲು ನಡುವಿನ ಜಾಗಕ್ಕೆ ಇಳಿದು, ಅಲ್ಲಿಂದ ಗಾಳಿಯ ಪೈಪಿಗೆ ಹೋಗಿ ಕಟ್ಟಿಕೊಂಡಿತ್ತು. ಗಾಳಿ ಒಳಬರುವ ದಾರಿ ಮುಚ್ಚಿತು. ಲೈನರ್ ತೆರೆದೇ ಉಳಿಯಿತು. ಹದಿನೈದು ದಿವಸದಿಂದ ಕಪ್ಪಿಯ ಆ ಒಂದು ತೊಟ್ಟಿಗೆ ವಿಶ್ರಾಂತಿಯೇ ಸಿಕ್ಕಿರಲಿಲ್ಲ. ಒದೆಯದೆ ಅವಳು ಬೇರೇನು ಮಾಡಬೇಕಿತ್ತು?

"ದಿನಾ ಎರಡು ಹೊತ್ತು ತೊಳೀತೇನೆ ಫಾದರ್, ಒಂದು ದಿವಸ ತಪ್ಪಿಸಿಲ್ಲ" ಎಂದು ಬಾಯಮ್ಮ ಬೇಸರಪಟ್ಟರು. ಅವರ ಮಾತು ನಿಜ. ಆದರೆ ನೀರನ್ನು ಬಟ್ಟಲುಗಳಿಂದ ಕ್ಯಾನಿಗೆ ಎಳೆಸಿ ತೊಳೆಯುವಾಗ ತೊಳೆಯಲ್ಪಡುವುದು ಹಾಲಿನ ದಾರಿ ಮಾತ್ರ. ಗಾಳಿಯ ಪೈಪುಗಳನ್ನು ಆ ನೀರು ಮುಟ್ಟುವುದೇ ಇಲ್ಲ. ಇದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಯಂತ್ರದ ಜೊತೆ ಬಂದ ಪುಸ್ತಕ ಇಂಗ್ಲಿಷಿನದ್ದು. ತೋರಿಸಿಕೊಡಲು ಬಂದ ಹುಡುಗ ಪಾಪ ಮಲಯಾಳದಲ್ಲಿ ಎಲ್ಲ ಹೇಳಿದ್ದ, ಇವರಿಗೆ ಅರ್ಧ ಅರ್ಥವಾಗಿತ್ತು. 1956ರ ನವೆಂಬರ್ 1ರಂದು ಕಾಸರಗೋಡನ್ನು ಗೆರೆಯ ಆಚೆ ಹಾಕಿದವರು ಹಟ್ಟಿಯ ಮಾತು ಯಾವ ಭಾಷೆಯಲ್ಲಿ ನಡೆಯುತ್ತದೆ ಎಂದು ಯೋಚಿಸಿರಲಿಕ್ಕಿಲ್ಲ. ಅದಕ್ಕೇ ಈ ಸಲ ಇಷ್ಟುದ್ದ ಬರೆಯುತ್ತಿದ್ದೇನೆ. ಯಂತ್ರವಿರುವ ಮನೆಯವರು ಈ ಪುಟವನ್ನು ಕತ್ತರಿಸಿ ಹಟ್ಟಿಯ ಗೋಡೆಗೆ ಅಂಟಿಸಿದರೂ ನನಗೆ ಬೇಸರವಿಲ್ಲ.

ದಿನಾ ಮಾಡಬೇಕಾದದ್ದು ಹೆಬ್ಬೆರಳಿನ ಪರೀಕ್ಷೆ. ದನಕ್ಕೆ ಹಾಕುವ ಮೊದಲು ನಾಲ್ಕೂ ಬಟ್ಟಲಿಗೆ ಬೆರಳಿಡಿ. ನಾಲ್ಕೂ ಒಂದೇ ರೀತಿ ಹಿಡಿದು ಬಿಡಬೇಕು. ಒಂದು ಬೇರೆಯಾದರೆ ದೋಷ ಆ ಬಟ್ಟಲಿನ ಪೈಪಿನಲ್ಲಿ ಅಥವಾ ಲೈನರಿನಲ್ಲಿ. ನಾಲ್ಕೂ ಕೆಟ್ಟರೆ ಉದ್ದದ ಪೈಪು, ಪಲ್ಸೇಟರ್ ನೋಡಿ. ಇದಕ್ಕೆ ಅರ್ಧ ನಿಮಿಷವೂ ಬೇಡ.

ತಿಂಗಳಿಗೊಮ್ಮೆ ಗಾಳಿಯ ಪೈಪುಗಳನ್ನು ಕಳಚಿ ಬೆಳಕಿಗೆ ಹಿಡಿದು ನೋಡಿ. ಕಳಚುವ ಮೊದಲು ಪ್ಲಗ್ ತೆಗೆಯಿರಿ. ಹಟ್ಟಿಯ ಒದ್ದೆ ನೆಲದಲ್ಲಿ ಕರೆಂಟಿನ ಜೊತೆ ಆಟ ಬೇಡ. ಒಳಗೆ ಹಾಲಿನ ಪಸೆ ಕಂಡರೆ ಪೈಪು ತೊಳೆದು ಸುಮ್ಮನಾಗಬೇಡಿ, ಯಾವುದೋ ಲೈನರ್ ಸೀಳಿದೆ ಎಂದೇ ತಿಳಿದು ಅದನ್ನು ಹುಡುಕಿ. ತೊಳೆಯುವಾಗ ಮೊದಲ ನೀರು ಉಗುರು ಬೆಚ್ಚಗಿರಲಿ. ಮೊದಲೇ ಕುದಿಯುವ ನೀರು ಹೊಯ್ದರೆ ಹಾಲಿನ ಪ್ರೊಟೀನು ಬೆಂದು ಒಳಗೋಡೆಗೆ ಅಂಟಿಕೊಳ್ಳುತ್ತದೆ. ಹಾಲು ಹೋದ ಮೇಲೆ ಬಿಸಿ ನೀರು, ಹಾಲಿನ ಪಾತ್ರೆಗೆಂದೇ ಸಿಗುವ ತೊಳೆಯುವ ಪುಡಿ, ಕೊನೆಗೆ ಶುದ್ಧ ನೀರು. ಗಟ್ಟಿ ಕಟ್ಟಿದ್ದರೆ ಅದೇ ಪುಡಿ ಹಾಕಿದ ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ದಾರಕ್ಕೆ ಬಟ್ಟೆಯ ಚೂರು ಕಟ್ಟಿ ಪೈಪಿನೊಳಗಿಂದ ಎಳೆಯಿರಿ. ಕಬ್ಬಿಣದ ಸರಿಗೆ ಹಾಕಿದರೆ ಒಳಗೆ ಗೀರು ಬಿದ್ದು ಮುಂದಿನ ಸಲ ಹಾಲು ಅಲ್ಲೇ ಕೂರುತ್ತದೆ. ತೆಂಗಿನ ಕಡ್ಡಿ ಹಾಕಿದರೆ ಅರ್ಧ ಒಳಗೇ ಮುರಿಯುತ್ತದೆ, ಬಾಯಮ್ಮನ ಮೊಮ್ಮಗ ನನ್ನೆದುರೇ ಮುರಿದ. ತೊಳೆದ ಪೈಪನ್ನು ನೇರವಾಗಿ ನೇತುಹಾಕಿ ಪೂರ್ತಿ ಒಣಗಿಸಿಯೇ ಸಿಕ್ಕಿಸಿ, ಇಲ್ಲದಿದ್ದರೆ ಪಸೆ ಪಲ್ಸೇಟರಿಗೆ ಹೋಗುತ್ತದೆ. ಹಾಲು ಒಮ್ಮೆ ಪೈಪಿಗೆ ಬಂದಿದ್ದರೆ ಪಲ್ಸೇಟರಿನ ಸಣ್ಣ ಗಾಳಿತೂತುಗಳನ್ನೂ ನೋಡಲೇಬೇಕು. ಬೈಹುಲ್ಲಿನ ಧೂಳು ಕೂರುವುದೂ ಅಲ್ಲೇ.

ಹಾಲಿನ ಪೈಪಿನೊಳಗೆ ಬಿಳಿ ಕಲ್ಲಿನಂಥ ಪದರ ಕಟ್ಟಿದರೆ ಅದಕ್ಕೆ ಆಮ್ಲದ ದ್ರಾವಣ ಬೇಕು. ನಮ್ಮ ಕೆಲವು ಬಾವಿಗಳ ಗಡಸು ನೀರಿಗೆ ಇದು ಬೇಗ ಕಟ್ಟುತ್ತದೆ. ಆದರೆ ಒಂದು ಮಾತು ನೆನಪಿರಲಿ: ಆಮ್ಲವನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಸೇರಿಸಬೇಡಿ. ಅದರಿಂದ ಏಳುವ ಕ್ಲೋರಿನ್ ಗಾಳಿ ಮುಚ್ಚಿದ ಹಟ್ಟಿಯಲ್ಲಿ ಮನುಷ್ಯನ ಉಸಿರನ್ನೇ ಕಟ್ಟಿಸುತ್ತದೆ.

ಪೈಪು ಕಟ್ಟಿಕೊಳ್ಳುವುದು ಒಂದು ತೊಂದರೆಯಾದರೆ, ಬಿರುಕು ಬಿಟ್ಟು ಸೋರುವುದು ಇನ್ನೊಂದು. ಅಡುಗೆ ಗ್ಯಾಸಿನ ಪೈಪಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ನೋಡುತ್ತೇವಲ್ಲ, ಇಲ್ಲಿ ಅದು ನಡೆಯುವುದಿಲ್ಲ. ಗಾಳಿ ಹೊರಗೆ ಬರುವುದಿಲ್ಲ, ಒಳಗೆ ಹೋಗುತ್ತದೆ. ಯಂತ್ರ ಓಡುವಾಗ ಪೈಪಿನ ಉದ್ದಕ್ಕೂ ಕಿವಿಗೊಡಿ, 'ಸ್ಸ್' ಎಂಬ ಶಬ್ದ ಕೇಳಿಸುತ್ತದೆ. ಕಿವಿ ಮಂದವಾದವರು ಊದುಬತ್ತಿ ಹಿಡಿದು ನೋಡಿ, ಹೊಗೆ ಬಿರುಕಿನೊಳಗೆ ನುಗ್ಗುತ್ತದೆ. ಕೆಂಡ ಮಾತ್ರ ಪೈಪಿಗೆ ತಾಗಬಾರದು, ಬೈಹುಲ್ಲು ಹತ್ತಿರ ಇರಬಾರದು. ಬಿರುಕು ಹೆಚ್ಚಾಗಿ ಕಾಣುವುದು ಪೈಪು ಲೋಹದ ಮೂತಿಗೆ ಸಿಕ್ಕಿಸಿದ ತುದಿಯಲ್ಲಿ. ಅಲ್ಲಿ ಸ್ವಲ್ಪ ಬಗ್ಗಿಸಿ ನೋಡಿದರೆ ಸಾಕು, ಮುದುಕರ ಹಣೆಯ ಹಾಗೆ ಗೆರೆಗಳು ಬಿಟ್ಟುಕೊಳ್ಳುತ್ತವೆ. ಬಿಸಿಲಲ್ಲಿ ಒಣಗಿಸಿದ ರಬ್ಬರಿಗೆ ಇದು ಬೇಗ, ಆದ್ದರಿಂದ ನೆರಳಲ್ಲೇ ನೇತುಹಾಕಿ. ಇಲಿಗೆ ಹಾಲಿನ ವಾಸನೆ ಇಷ್ಟ. ನೆಲದಲ್ಲಿ ಸುರುಳಿ ಸುತ್ತಿ ಇಡಬೇಡಿ, ಎತ್ತರದ ಗೂಟಕ್ಕೆ ಹಾಕಿ.

ಟೇಪು, ಸೈಕಲ್ ಟ್ಯೂಬಿನ ತುಂಡು, ಹುರಿಹಗ್ಗ ಇವೆಲ್ಲ ಅಂದಿನ ಹೊತ್ತು ಕಳೆಯಲು ಸರಿ. ಮರುದಿನ ಅಂಗಡಿಗೆ ಹೋಗಿ. ಹಳೆಯ ಪೈಪಿನ ತುಂಡನ್ನೇ ಕೈಯಲ್ಲಿ ಹಿಡಿದು ಹೋಗಿ, ಒಳಗಿನ ತೂತಿನ ಅಗಲವೂ ಗೋಡೆಯ ದಪ್ಪವೂ ಅಷ್ಟೇ ಇರಬೇಕು. ಹಾಲು ಹರಿಯುವ ಪೈಪಾದರೆ ಆಹಾರಕ್ಕೆ ಯೋಗ್ಯವಾದದ್ದೇ ಬೇಕು. ಉದ್ದದ ದಪ್ಪ ಪೈಪಿನ ತುದಿ ಮಾತ್ರ ಬಿರುಕು ಬಿಟ್ಟಿದ್ದರೆ ಆ ತುದಿಯನ್ನು ಹರಿತ ಚೂರಿಯಿಂದ ನೇರ ಕತ್ತರಿಸಿ ಮತ್ತೆ ಸಿಕ್ಕಿಸಬಹುದು. ಆದರೆ ಬಟ್ಟಲಿನ ಸಣ್ಣ ಪೈಪುಗಳನ್ನು ಕತ್ತರಿಸಿ ಗಿಡ್ಡ ಮಾಡಬೇಡಿ, ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ. ಉದ್ದ ಹೆಚ್ಚುಕಡಿಮೆಯಾದರೆ ಬಟ್ಟಲು ಒಂದು ಕಡೆಗೆ ಎಳೆದು ಕೂರುತ್ತದೆ. ಹೊಸ ಪೈಪಿನ ತುದಿಯನ್ನು ಬಿಸಿ ನೀರಿನಲ್ಲಿ ಅದ್ದಿದರೆ ಸುಲಭವಾಗಿ ಒಳಗೆ ಹೋಗುತ್ತದೆ. ಗ್ರೀಸು, ಎಂಜಿನ್ ಎಣ್ಣೆ ಹಚ್ಚಬೇಡಿ, ಅವು ರಬ್ಬರನ್ನು ತಿನ್ನುತ್ತವೆ.

ಲೈನರಿನ ಲೆಕ್ಕದಲ್ಲಿ ಬಹಳ ಮಂದಿ ಎಡವುತ್ತಾರೆ. ರಬ್ಬರ್ ಲೈನರಿಗೆ ಸಾಮಾನ್ಯವಾಗಿ ಹೇಳುವ ಆಯುಷ್ಯ 2,500 ಕರಾವು. ಮೂರು ದನ, ಎರಡು ಹೊತ್ತು ಎಂದರೆ ದಿನಕ್ಕೆ 6. ಹಾಗಾದರೆ ಹದಿಮೂರು ತಿಂಗಳಿಗಿಂತ ಹೆಚ್ಚು ಬರಬೇಕಲ್ಲ ಎಂದು ಬಾಯಮ್ಮನ ಮೊಮ್ಮಗ ಬಾಯಿಲೆಕ್ಕ ಹೇಳಿದ. ಲೆಕ್ಕ ಸರಿ. ಆದರೆ ಕೆಲಸ ಕಡಿಮೆಯೆಂದು ರಬ್ಬರಿಗೆ ವಯಸ್ಸಾಗುವುದು ನಿಲ್ಲುವುದಿಲ್ಲ. ಹಾಲಿನ ಕೊಬ್ಬು ಹೀರಿ ಅದು ಉಬ್ಬುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ 2,500 ಕರಾವು ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಇವರ ಲೈನರಿಗೆ ಎರಡು ವರ್ಷವಾಗಿತ್ತು. ಸಿಲಿಕೋನಿನದ್ದು ಹೆಚ್ಚು ಬಾಳುತ್ತದೆ, ಆದರೆ ಬೇಗ ಹರಿಯುತ್ತದೆ; ಅದರ ಅವಧಿ ಕೊಟ್ಟವರನ್ನೇ ಕೇಳಿ. ಮಳೆಗಾಲಕ್ಕೆ ಮೊದಲೇ ಒಂದು ಜೊತೆ ಹೆಚ್ಚಿಗೆ ತಂದು ಮುಚ್ಚಳದ ಡಬ್ಬದಲ್ಲಿ ಇಟ್ಟುಕೊಳ್ಳಿ. ಜುಲೈ ತಿಂಗಳ ಮಳೆಯಲ್ಲಿ ಪೇಟೆಗೆ ಹೋಗುವ ಕಷ್ಟ ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಕಾಸರಗೋಡು ಗಿಡ್ಡ ಸಾಕುವವರಿಗೆ ಈ ರಗಳೆ ಯಾವುದೂ ಇಲ್ಲ. ಅದರ ಸಣ್ಣ ಕೆಚ್ಚಲಿಗೆ ಕೈಯೇ ಸಾಕು. ಆದರೆ ಕೈ ಮಡಚದ ಬಾಯಮ್ಮನಿಗೆ, ಸೊಸೈಟಿಗೆ ಹಾಲು ಹಾಕಿಯೇ ಮನೆ ನಡೆಸುವವರಿಗೆ ಯಂತ್ರ ಬಿಟ್ಟರೆ ದಾರಿಯಿಲ್ಲ.

ಆ ಸಂಜೆ ಕಪ್ಪಿಯನ್ನು ಯಂತ್ರಕ್ಕೆ ಕಟ್ಟಲಿಲ್ಲ. ಮೊಮ್ಮಗನೇ ಕುಳಿತು ಕೈಯಲ್ಲಿ ಕರೆದ, ಬೈದುಕೊಂಡೇ. ಮೊದಲ ಹಿಂಡುಗಳನ್ನು ಕಪ್ಪು ಬಟ್ಟೆಯ ಮೇಲೆ ಹಾಕಿಸಿದೆ. ಮೂರು ತೊಟ್ಟಿನದ್ದು ಸರಿಯಿತ್ತು, ನಾಲ್ಕನೆಯದರಲ್ಲಿ ಎರಡು ಮೂರು ಸಣ್ಣ ಚೂರು. ತೊಟ್ಟಿನ ತುದಿ ನೀಲಿಗಟ್ಟಿತ್ತು. ಆ ಹಾಲನ್ನು ಬೇರೆಯಾಗಿ ತೆಗೆದಿಟ್ಟು ಮರುದಿನ ಬೆಳಗ್ಗೆ ದನದ ಡಾಕ್ಟರನ್ನು ಕರೆಸಿದರು. ಔಷಧ ಕೊಟ್ಟಷ್ಟು ದಿವಸವೂ, ಅದರ ಮೇಲೆ ಡಾಕ್ಟರು ಹೇಳಿದಷ್ಟು ದಿವಸವೂ ಕಪ್ಪಿಯ ಹಾಲು ಸೊಸೈಟಿಗೆ ಹೋಗಲಿಲ್ಲ. ಬಾಯಮ್ಮನಿಗೆ ಅದು ಸಣ್ಣ ನಷ್ಟವಲ್ಲ. ಲೈನರ್ ಮತ್ತು ಪೈಪುಗಳ ಪೂರ್ತಿ ಜೊತೆಯನ್ನು ಗಲ್ಫಿನ ಮಗ ದುಡ್ಡು ಕಳುಹಿಸುವವರೆಗೆ ಕಾಯದೆ ತರಿಸಿದರು.

ಒಂದು ತಿಂಗಳು ಕಳೆದು ಭಾನುವಾರದ ಪೂಜೆ ಮುಗಿಸಿ ಹೊರಬಂದಾಗ ಬಾಯಮ್ಮ ನಿಂತಿದ್ದರು. ನನ್ನ ಜೇಬಿನಲ್ಲಿ ಆ ಹಳೆಯ ಬಿರಡೆ ಇತ್ತು. ಬೇಕಾದೀತೋ ಏನೋ ಎಂದು ಹಿಂದಿನ ರಾತ್ರಿಯೇ ಖಾನೆಯಿಂದ ತೆಗೆದಿಟ್ಟಿದ್ದೆ. ತೋರಿಸಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ನನ್ನ ಕೈಗೇ ವಾಪಸು ಇಟ್ಟರು.

"ನಮಗೆ ಬೇಡ ಫಾದರ್. ನಾಲ್ಕರಲ್ಲೂ ಹಾಲು ಬರ್ತಾ ಉಂಟು."